ಅಡುಗೆಮನೆ ಮಾರ್ಗವಾಗಿ

"ಇನ್ನು ಮೂರೇ ತಿಂಗಳು. ಈ ಊರಿನ ಒಂದೇ ಒಂದು ಸಂದಿಗೊಂದಿಯೂ ನಕ್ಷೆಯಿಂದ ತಪ್ಪಿಸಿಕೊಳ್ಳಲ್ಲ. ಅದೂ ನಮ್ಮ ಭಾಷೆಯಲ್ಲೇ!" ಎಂದು ಯಜಮಾನರು ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿ ಘೋಷಿಸಿದರು.

ನೆಲದ ಮೇಲೆ ಕೂತು ಬಟ್ಟೆ ಕತ್ತರಿಸುತ್ತಿದ್ದ ಹೆಂಡತಿ ತಲೆಯನ್ನೇ ಎತ್ತಲಿಲ್ಲ. "ಆಗ್ಲಿ ಬಿಡಿ. ಮೊದ್ಲು ನನ್ನ ಸಣ್ಣ ಕತ್ರಿ ಎಲ್ಲಿಟ್ಟಿದ್ದೀರೋ ಹುಡುಕಿ ಕೊಡಿ" ಎಂದಳು. ಊರನ್ನೇ ಹುಡುಕಿ ಕೊಡಲು ಹೊರಟ ಮಹಾನುಭಾವರಿಗೆ ಕತ್ತರಿ ಸಿಗಲಿಲ್ಲ.

ಯಜಮಾನರು ಎಂದರೆ ಯಾವ ಸಂಸ್ಥಾನದ ಒಡೆಯರೂ ಅಲ್ಲ. ಮುಖ್ಯರಸ್ತೆಯಲ್ಲಿ ಅವರದೊಂದು ಕನ್ನಡಕದಂಗಡಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರ ಓದಿಸಿ, ನಿಮಗೆ ಎದುರಿಗಿರುವುದೇ ಕಾಣುತ್ತಿಲ್ಲ ಎಂದು ತಿಳಿಸುವುದು ಅವರ ಕಸುಬು. ಇದೇ ಮಾತನ್ನು ಮನೆಯಲ್ಲಿ ಹೆಂಡತಿ ಅವರಿಗೆ ಹತ್ತೊಂಬತ್ತು ವರ್ಷಗಳಿಂದ ಪುಕ್ಕಟೆಯಾಗಿ ಹೇಳುತ್ತ ಬಂದಿದ್ದಳು. ಮನೆಯಲ್ಲಿದ್ದ ಮೂರನೆಯವರು ಅತ್ತೆಯವರು, ಅಂದರೆ ಹೆಂಡತಿಯ ತಾಯಿ. ಅವರು ಮುಂಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂರುವವರು. ಈ ಬೀದಿಯಲ್ಲಿ ಮಾತಾಡಿಸಲು ಒಂದು ನರಪಿಳ್ಳೆಯೂ ಹಾಯುವುದಿಲ್ಲ ಎಂಬುದು ಅವರ ಬಹುದಿನದ ಕೊರಗು.

ಯಜಮಾನರಿಗೆ ನಕ್ಷೆಯ ಗೀಳು ಹಚ್ಚಿದವರು ಟೇಪು ಮಾಸ್ಟರು. ಸರ್ವೆ ಇಲಾಖೆಯಿಂದ ನಿವೃತ್ತರಾಗಿ ಏಳು ವರ್ಷವಾದರೂ ಜೇಬಿನಿಂದ ಅಳತೆಯ ಟೇಪು ನಿವೃತ್ತಿಯಾಗಿರಲಿಲ್ಲ. ಕನ್ನಡಕ ಕೊಳ್ಳಲು ಬಂದಾಗ ತಮ್ಮ ಎರಡು ಕಿವಿಗಳ ನಡುವಿನ ದೂರವನ್ನು ತಾವೇ ಅಳೆದು, ಕನ್ನಡಕ ಅರ್ಧ ನೂಲು ಸಡಿಲ ಎಂದು ವಾಪಸು ಕೊಟ್ಟಿದ್ದ ಆಸಾಮಿ. ಕಾಯುವ ಹೊತ್ತಿನಲ್ಲಿ ಅವರು ವಿವರಿಸಿದ್ದು ಇಷ್ಟು: ಇಡೀ ದೇಶದ್ದೊಂದು ನಕ್ಷೆ ಇದೆ, ಯಾವ ಕಂಪನಿಯದ್ದೂ ಅಲ್ಲ, ನಮ್ಮ ನಿಮ್ಮಂಥ ಜನರೇ ಸೇರಿ ಬರೆಯುತ್ತಿರುವುದು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಎಲ್ಲರಿಗೂ ಉಚಿತ. ಆದರೆ ಅದರಲ್ಲಿ ನಮ್ಮ ಊರು ಇದ್ದ ಕಡೆ ಒಂದು ರೈಲು ಹಳಿ ಬಿಟ್ಟರೆ ಬರೀ ಬಿಳಿ. ಇದ್ದ ನಾಲ್ಕು ಹೆಸರೂ ಇಂಗ್ಲಿಷಿನಲ್ಲಿ.

ಊರೇ ಖಾಲಿ ಎಂದು ಕೇಳಿ ಯಜಮಾನರ ಸ್ವಾಭಿಮಾನ ಕೆರಳಿತು. ಅವತ್ತಿನಿಂದ ಅಂಗಡಿಗೆ ಬಂದವರಿಗೆಲ್ಲ ಕನ್ನಡಕದ ಜೊತೆ ನಕ್ಷೆಯೂ ಅಂಟಿಕೊಂಡಿತು. ಗಿರಾಕಿಯ ಫೋನು ಕಿತ್ತುಕೊಂಡು, ಅದರೊಳಗೆ ನಕ್ಷೆ ಹಾಕಿ, ದಾರಿ ಹೇಳುವ ದನಿಯನ್ನೂ ಚಾಲೂ ಮಾಡಿಯೇ ಅವರು ವಾಪಸು ಕೊಡುತ್ತಿದ್ದರು. ಬೇಡ ಎಂದವರಿಗೆ ಫ್ರೇಮು ತಡವಾಗುತ್ತಿತ್ತು.

ಕೆಲಸದ ರೀತಿಯೇನೋ ಸುಲಭ. ಫೋನನ್ನು ಜೇಬಿಗೆ ಹಾಕಿಕೊಂಡು ನಡೆಯಬೇಕು. ಕಾಲು ಹೋದಲ್ಲೆಲ್ಲ ಫೋನು ಒಂದು ಗೆರೆ ಎಳೆದುಕೊಳ್ಳುತ್ತದೆ. ಸಂಜೆ ಕೂತು ಆ ಗೆರೆಗಳಿಗೆ ರಸ್ತೆ, ಓಣಿ, ಕಾಲುದಾರಿ ಎಂದು ಹೆಸರು ಕೊಟ್ಟು ಎಲ್ಲರ ನಕ್ಷೆಗೆ ಸೇರಿಸಿದರೆ ಮುಗಿಯಿತು. ಇದರ ಜೊತೆಗೆ, ದಾರಿ ಹೇಳುವ ದನಿಯ ಮಾತುಗಳನ್ನು ನಮ್ಮ ಭಾಷೆಗೆ ತರುವ ಭಾರವನ್ನೂ ಯಜಮಾನರು ತಾವಾಗಿಯೇ ಹೊತ್ತುಕೊಂಡರು. ಹೊತ್ತುಕೊಂಡವರು ಸುಮ್ಮನೆ ಇಳಿಸುತ್ತಾರೆಯೇ? "ಋಜುಮಾರ್ಗದಲ್ಲಿ ಮುಂದುವರಿಯತಕ್ಕದ್ದು" ಎಂದು ಬರೆದು ಹೆಂಡತಿಗೆ ಓದಿ ಹೇಳಿದರು.

"ನೇರ ಹೋಗಿ ಅಂದ್ರೆ ಆಗಲ್ವಾ?" ಎಂದು ಅವಳು ಕೇಳಿದಳು.

ಭಾಷೆಗೊಂದು ಗಾಂಭೀರ್ಯ ಬೇಡವೇ, ಬೀದಿಯಲ್ಲಿ ಹೋಗುವವರು ಮಾತಾಡಿದ ಹಾಗೆ ಬರೆಯಲಾಗುತ್ತದೆಯೇ ಎಂದು ಯಜಮಾನರು ತರಾಟೆಗೆ ತೆಗೆದುಕೊಂಡರು. ನಕ್ಷೆ ನೋಡುವವರು ಬೀದಿಯಲ್ಲಿ ಹೋಗುವವರೇ ಅಲ್ಲವೇ ಎಂದು ಅವಳು ಕೇಳಿದ್ದು ಹೊಲಿಗೆ ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲವಂತೆ.

ಈ ನಕ್ಷೆಯವರಿಗೆ ಒಂದು ನಿಯಮವಿದೆ. ಯಜಮಾನರು ಅದನ್ನು ದಪ್ಪಕ್ಷರದಲ್ಲಿ ಬರೆಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದರು: "ನೆಲದ ಮೇಲಿರುವುದು ನಕ್ಷೆಯಲ್ಲಿರಬೇಕು." ಮನಸ್ಸಿಗೆ ಬಂದದ್ದನ್ನು ಬರೆಯುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ. ಯಜಮಾನರ ಮನೆಯ ಹಿಂದಿನ ಓಣಿಯಲ್ಲಿ, ಅವರ ಹಿಂಬಾಗಿಲ ಪಕ್ಕದಲ್ಲೇ ಇದ್ದ ಬೇಕರಿಯವನು ಬಂದು, ತನ್ನ ಅಂಗಡಿಯ ಎದುರಿನ ಬಾಯ್ದೆರೆದ ಚರಂಡಿಯನ್ನು ನಕ್ಷೆಯಿಂದ ತೆಗೆಯಿರಿ, ನೋಡಿದವರು ಬನ್ನು ಕೊಳ್ಳುವುದಿಲ್ಲ ಎಂದು ಅಂಗಲಾಚಿದಾಗ, ಯಜಮಾನರು ಮಾತಾಡದೆ ಗೋಡೆಯ ಕಡೆ ಬೆರಳು ತೋರಿಸಿದ್ದರು. ಅಷ್ಟು ಸಾಲದೆಂದು, ಅದೇ ಸಂಜೆ ಚರಂಡಿಯ ಅಗಲ ಇಪ್ಪತ್ತೆರಡು ಇಂಚು ಎಂಬುದನ್ನೂ ಸೇರಿಸಿದರು. ಬೇಕರಿಯವನು ಅದನ್ನು ಮರೆಯಲಿಲ್ಲ.

ಇತ್ತ ಹೆಂಡತಿಗೆ ಅವಳ ಜೀವಮಾನದ ಅತಿ ದೊಡ್ಡ ಕೆಲಸ ಸಿಕ್ಕಿತ್ತು. ಊರಿನ ಹೊಸ ರಂಗಮಂದಿರದ ಪರದೆ! ಮೂವತ್ತಾರು ಅಡಿ ಉದ್ದದ ಕಡುಗೆಂಪು ಮಖಮಲ್ಲು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊಡಬೇಕು, ಭಾನುವಾರ ಮೊದಲ ನಾಟಕ. ಇದು ಚೆನ್ನಾಗಿ ಬಂದರೆ ರಂಗಮಂದಿರದ ಹೊಲಿಗೆಯೆಲ್ಲ ನಿಮಗೇ ಎಂದು ಅಲ್ಲಿಯ ವ್ಯವಸ್ಥಾಪಕರು ಮಾತು ಕೊಟ್ಟಿದ್ದರು. ಹಾಗಾದರೆ ಅವಳು ಬಟ್ಟೆ ಕತ್ತರಿಸುವ ಉದ್ದನೆಯ ಮೇಜೊಂದನ್ನು ಮಾಡಿಸಬಹುದಿತ್ತು. ಹನ್ನೊಂದು ವರ್ಷದಿಂದ ನೆಲದ ಮೇಲೆ ಮಂಡಿಯೂರಿ ಕತ್ತರಿಸಿ ಅವಳ ಮೊಣಕಾಲು ಸೋತುಹೋಗಿತ್ತು. ಏಳುವಾಗ ಗೋಡೆ ಹಿಡಿದು, ತುಟಿ ಕಚ್ಚಿ ಏಳುತ್ತಿದ್ದಳು. ಅವಳಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಆ ಮೇಜು ಒಂದೇ.

ಮನೆಯೋ, ಉದ್ದಕ್ಕೆ ಕೊಳವೆಯಂಥದ್ದು. ಮುಂಬಾಗಿಲು ತೆರೆಯುವುದು ಮುಂದಿನ ಬೀದಿಗೆ, ಹಿಂಬಾಗಿಲು ಹಿಂದಿನ ಓಣಿಗೆ. ನಡುವೆ ಹಾಲು, ಇಕ್ಕಟ್ಟಾದ ನಡವೆ, ಅಡುಗೆಮನೆ, ಎಲ್ಲವೂ ಒಂದೇ ಸಾಲು. ಬೀದಿಯಿಂದ ಓಣಿಗೆ ಹೋಗಬೇಕಾದವರು ಮರದ ಮಿಲ್ಲು ಬಳಸಿಕೊಂಡು ಕಾಲು ಗಂಟೆ ನಡೆಯಬೇಕು. ಪರದೆಯ ಉಳಿದ ಬಟ್ಟೆಯನ್ನು ಗೋಡೆಯ ಬದಿಗೆ ಸುರುಳಿ ಸುತ್ತಿ, ಕೆಳಗಿನ ಅಂಚನ್ನು ಮಾತ್ರ ಹಾಲಿನಿಂದ ಅಡುಗೆಮನೆಯವರೆಗೆ ಹರಡಿಕೊಂಡು ಅವಳು ಹೊಲಿಯುತ್ತಿದ್ದಳು.

ಸೋಮವಾರ ಬೆಳಿಗ್ಗೆ ಯಜಮಾನರು ಒಂಬತ್ತು ಬೀದಿ ನಡೆದು, ಬೆವರು ಸುರಿಸುತ್ತ ಮನೆಗೆ ಬಂದರು. ಗೋಡೆಗಂಟಿಕೊಂಡು ನಡವೆ ದಾಟಿದರು, ಅಡುಗೆಮನೆಯಲ್ಲಿ ಎರಡು ಲೋಟ ನೀರು ಕುಡಿದರು, ಓಣಿಯ ಕೆಲಸ ಬಾಕಿ ಇದೆಯೆಂದು ಹಿಂಬಾಗಿಲಿನಿಂದ ಹೊರಟರು. ಜೇಬಿನಲ್ಲಿದ್ದ ಫೋನು ಪಾಪ, ಹೇಳಿದ ಕೆಲಸ ನಿಲ್ಲಿಸದೆ ಮಾಡುತ್ತಲೇ ಇತ್ತು. ಸಂಜೆ ನೋಡುತ್ತಾರೆ, ಬೀದಿಗೂ ಓಣಿಗೂ ನಡುವೆ ನೆಟ್ಟಗೆ ಒಂದು ಗೆರೆ! ಇಂಥದ್ದೊಂದು ಸಂದಿ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಯಜಮಾನರು ಉಬ್ಬಿಹೋದರು. ಮನೆಗಳನ್ನು ಇನ್ನೂ ಯಾರೂ ನಕ್ಷೆಯಲ್ಲಿ ಬರೆದಿರಲಿಲ್ಲವಾದ್ದರಿಂದ ಬಿಳಿಯ ನಡುವೆ ಆ ಗೆರೆ ಲಕ್ಷಣವಾಗಿಯೇ ಕಂಡಿತು. "ಕಾಲುದಾರಿ, ಸಾರ್ವಜನಿಕ" ಎಂದು ಬರೆದು ಸೇರಿಸಿಯೇಬಿಟ್ಟರು. ತಾವು ಕೂತಿದ್ದ ಕುರ್ಚಿ ಆ ಕಾಲುದಾರಿಯ ನಟ್ಟನಡುವೆ ಇದೆಯೆಂಬುದು ಅವರಿಗೆ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಮೊದಲು ಬಂದವಳು ಓಣಿಯ ಆಸ್ಪತ್ರೆಯ ನರ್ಸು. ಅವಳ ಕೈಯಲ್ಲಿದ್ದ ಫೋನು ಹೊಸಿಲ ಮೇಲೆ ನಿಂತು ಗಂಭೀರವಾಗಿ ಅಪ್ಪಣೆ ಕೊಡಿಸಿತು: "ಋಜುಮಾರ್ಗದಲ್ಲಿ ಮುಂದುವರಿಯತಕ್ಕದ್ದು." ನರ್ಸು ಅನುಮಾನಿಸಿದಳು. ಅತ್ತೆಯವರು ಅನುಮಾನಿಸಲಿಲ್ಲ. ಬಾಗಿಲಿಗೆ ಬಂದ ಮೊದಲ ಮನುಷ್ಯಜೀವಿಯನ್ನು ಬಿಟ್ಟಾರೆಯೇ? ಚಪ್ಪಲಿ ಕೈಗೆ ತೆಗೆದುಕೋ, ಬಟ್ಟೆ ತುಳಿಯದೆ ಗೋಡೆ ಪಕ್ಕ ಹೋಗು, ಹಾಗೇ ನನ್ನ ಸೊಂಟನೋವಿಗೆ ಏನು ಮಾಡಬೇಕು ಹೇಳು ಎಂದರು. ನರ್ಸು ಹೇಳಿಹೋದಳು.

ಮಧ್ಯಾಹ್ನದೊಳಗೆ ಹತ್ತೊಂಬತ್ತು ಜನ. ಬೇಕರಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ದಾರಿ ನಿಜವೋ ಸುಳ್ಳೋ ನೋಡಲೆಂದೇ ಬಂದವರು. ಹೆಂಡತಿ ಮುಂಬಾಗಿಲು ಹಾಕಿ ನೋಡಿದಳು. ತಟ್ಟಿದರು. ಹೊಲಿಗೆ ಬಿಟ್ಟು ಎರಡು ನಿಮಿಷಕ್ಕೊಮ್ಮೆ ಆ ಮೊಣಕಾಲಿನಲ್ಲಿ ಏಳುವುದಕ್ಕಿಂತ ತೆರೆದಿಡುವುದೇ ಮೇಲೆನಿಸಿತು. ಹಿಂಬಾಗಿಲಿನ ಚಿಲಕವಂತೂ ಮುರಿದು ಮೂರು ವರ್ಷವಾಗಿತ್ತು. ಅದನ್ನು ನಾಳೆ ಸರಿಮಾಡುವುದಾಗಿ ಯಜಮಾನರು ಅಂದಿನಿಂದ ಹೇಳುತ್ತಲೇ ಇದ್ದರು. ಕೊನೆಗೆ ಅವಳು ಅಂಗಡಿಗೆ ಫೋನು ಮಾಡಿದಳು. ದನಿ ಏರಿಸಲಿಲ್ಲ, ಅದೇ ಯಜಮಾನರಿಗೆ ಹೆದರಿಕೆ ಹುಟ್ಟಿಸಿತು.

"ರೀ, ನಮ್ಮ ಅಡುಗೆಮನೇಲಿ ನಾಲ್ಕು ಜನ ನಿಂತಿದ್ದಾರೆ. ಎಲ್ರ ಫೋನೂ ನಿಮ್ಮ ಹಾಗೇ ಮಾತಾಡ್ತಿದೆ. ಏನು ಮಾಡಿದ್ದೀರಿ ನೀವು?"

ಯಜಮಾನರು ನಕ್ಷೆ ತೆರೆದರು. ಗೆರೆಯನ್ನು ದೊಡ್ಡದು ಮಾಡಿ ನೋಡಿದರು. ಅದು ತಮ್ಮದೇ ಮನೆಯ ನಡವೆ! ಗುಟ್ಟಾಗಿ, ಯಾರಿಗೂ ಗೊತ್ತಾಗದ ಹಾಗೆ ಅಳಿಸಿಬಿಟ್ಟರು. ಹತ್ತು ನಿಮಿಷವೂ ಆಗಿರಲಿಲ್ಲ, ಗೆರೆ ಮತ್ತೆ ಬಂದು ಕೂತಿತ್ತು. ಪಕ್ಕದಲ್ಲಿ ಟೇಪು ಮಾಸ್ಟರ ಟಿಪ್ಪಣಿ: "ಹತ್ತೊಂಬತ್ತು ಜನ ನಡೆದ ದಾಖಲೆ ಇದೆ. ಅಳಿಸಲು ಆಧಾರವೇನು?"

ಯಜಮಾನರು ಅವರ ಮನೆಗೆ ಓಡಿದರು. ಅದು ದಾರಿಯಲ್ಲ, ನನ್ನ ಮನೆ ಎಂದರು. ನೂರಾರು ಜನ ತಮ್ಮ ಮನೆ ಮುಂದಿನ ಜಾಗವನ್ನೆಲ್ಲ ನನ್ನದು ನನ್ನದು ಎನ್ನುತ್ತಾರೆ, ಸರ್ವೆಯಲ್ಲಿ ಮೂವತ್ತು ವರ್ಷ ಅದನ್ನೇ ಕೇಳಿದ್ದೇನೆ ಎಂದರು ಮಾಸ್ಟರು. ತಪ್ಪಾಗಿ ಬರೆದೆ ಎಂದರು ಯಜಮಾನರು. ತಪ್ಪಾಗಿ ಬರೆದ ದಾರಿಯಲ್ಲಿ ಜನ ಸರಿಯಾಗಿಯೇ ಓಣಿ ತಲುಪುತ್ತಿದ್ದಾರಲ್ಲ ಎಂದರು ಮಾಸ್ಟರು. ಮಾಸ್ಟರು ತಾಳ್ಮೆಯಿಂದ, "ನಿಮ್ಮ ಅಂಗಡಿ ಗೋಡೆ ಮೇಲೆ ಏನೋ ಬರೆಸಿದ್ದೀರಲ್ಲ, ಒಂದ್ಸಲ ಓದ್ಕೊಳ್ಳಿ. ನಾಳೆ ನಾನೇ ಸ್ಥಳ ಪರೀಕ್ಷೆಗೆ ಬರ್ತೀನಿ" ಎಂದರು.

ಬಂದರು. ಟೇಪಿನ ಇನ್ನೊಂದು ತುದಿ ಹಿಡಿಯಲು, ಸ್ಥಳೀಯ ಸಾಕ್ಷಿಯಾಗಿ, ಬೇಕರಿಯವನನ್ನೂ ಕರೆತಂದರು. ಬೇಕರಿಯವನಿಗೆ ಎರಡು ದಿನದಿಂದ ಬನ್ನು ಸಾಲುತ್ತಿರಲಿಲ್ಲ. ಅನಾದಿಕಾಲದಿಂದಲೂ ಜನ ಇಲ್ಲೇ ಓಡಾಡುತ್ತಿದ್ದಾರೆ ಎಂದು ಅವನು ಕಣ್ಣು ಮಿಟುಕಿಸದೆ ಸಾಕ್ಷಿ ಹೇಳಿದ. ಮಾಸ್ಟರು ಚಪ್ಪಲಿ ಕೈಯಲ್ಲಿ ಹಿಡಿದು ನಡವೆ ಅಳೆದರು, ಅಳೆದದ್ದನ್ನೆಲ್ಲ ನಕ್ಷೆಗೆ ಏರಿಸಿದರು. ಅಗಲ ಮೂರಡಿ ಎರಡಂಗುಲ. ಮೇಲೆ ಛಾವಣಿ ಇದೆ, ದೀಪವಿದೆ. ಕುಡಿಯುವ ನೀರು ಲಭ್ಯ. ವಿಶ್ರಾಂತಿಗೆ ಒಂದು ಆಸನ, ಸದ್ಯ ಭರ್ತಿ. ಸೈಕಲ್ಲು ಎತ್ತಿಕೊಂಡು ಹೋಗಬಹುದು. ದಾರಿಯ ಮೇಲ್ಮೈ ಏನೆಂದು ಕೇಳುವ ಅಂಕಣಕ್ಕೆ ಬಂದಾಗ ಮಾಸ್ಟರು ಬಗ್ಗಿ, ಬೆರಳಿನಿಂದ ಸವರಿ ನೋಡಿ, "ಮಖಮಲ್ಲು" ಎಂದು ಬರೆದುಕೊಂಡರು. ಡಾಂಬರಿಗೂ ಗತಿಯಿಲ್ಲದ ಆ ಊರಿನಲ್ಲಿ ಮಖಮಲ್ಲಿನ ಕಾಲುದಾರಿ! ಅದನ್ನು ನೋಡಲೆಂದೇ ಆ ಮಧ್ಯಾಹ್ನ ಇಪ್ಪತ್ತು ಜನ ಹೆಚ್ಚಿಗೆ ಬಂದರು. ಅತ್ತೆಯವರ ವಯಸ್ಸು ಹತ್ತು ವರ್ಷ ಇಳಿದಿತ್ತು. ಊರಿನ ಸುದ್ದಿಯೆಲ್ಲ ಈಗ ತಾನಾಗಿ ಅವರ ಕುರ್ಚಿಯ ಮುಂದೆ ಹಾದುಹೋಗುತ್ತಿತ್ತು.

ಹೆಂಡತಿ ಮಾತ್ರ ದಾರಿಹೋಕರಿಗೆ ಜಾಗ ಬಿಡುತ್ತ, ಸೂಜಿ ಎತ್ತುತ್ತ, ಮತ್ತೆ ಕೂರುತ್ತ, ಅಂಚನ್ನು ಅಂಗುಲ ಅಂಗುಲವಾಗಿ ಹೊಲಿದಳು. ಶುಕ್ರವಾರ ಬೆಳಿಗ್ಗೆಗೆ ಇನ್ನು ನಾಲ್ಕೇ ಅಡಿ ಉಳಿದಿತ್ತು.

ಯಜಮಾನರಿಗೆ ತಮ್ಮ ಮನೆಯಲ್ಲೇ ತಲೆ ಎತ್ತಲು ನಾಚಿಕೆಯಾಗಿ, ಏನಾದರೂ ಘನಕಾರ್ಯ ಮಾಡಿ ತೋರಿಸಬೇಕೆನಿಸಿತು. "ಇಲ್ಲಿ ದಾರಿ ಇಲ್ಲ" ಎಂದು ಒಂದು ಹಲಗೆ ಬರೆಸಿ, ಶುಕ್ರವಾರ ಹನ್ನೊಂದಕ್ಕೆ ಹಿಂದಿನ ಓಣಿಗೆ ಹೋದರು. ಹಲಗೆಯನ್ನು ಗೆರೆ ಶುರುವಾಗುವ ಸ್ಥಳದಲ್ಲೇ ನೆಡಬೇಕಲ್ಲ? ಅದಕ್ಕಾಗಿ ಫೋನು ನೋಡುತ್ತ ನಿಂತರು. ಹತ್ತೊಂಬತ್ತು ವರ್ಷದಿಂದ ಹೋಗಿಬರುವ ಹಿಂಬಾಗಿಲು ಎದುರಿಗೇ ಇತ್ತು, ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆಯವರ ದನಿ ಕೇಳಿತು, "ಸೈಕಲ್ ಬಂತು ನೋಡೇ" ಎಂದು. ಪರದೆಯ ಮೇಲೆ ಸೈಕಲ್ಲು! ಯಜಮಾನರು ಹಲಗೆ ಬಿಸಾಡಿ, ಫೋನು ಹಿಡಿದುಕೊಂಡೇ ನುಗ್ಗಿದರು. ಇಪ್ಪತ್ತೆರಡು ಇಂಚು ಅಗಲದ ಚರಂಡಿಗೆ ಅವರ ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಎಳೆದುಕೊಂಡರು, ನಿಲ್ಲಲಿಲ್ಲ. ಅಡುಗೆಮನೆ ಹೊಕ್ಕು, ನಡವೆ ದಾಟಿ, ಹಾಲಿಗೆ ಬಂದು, ಎರಡೂ ಕೈ ಅಗಲಿಸಿ ಸೈಕಲ್ಲಿನವನನ್ನು ತಡೆದರು.

ಸೈಕಲ್ಲಿನವನು ಬರಿಗಾಲಿನಲ್ಲಿದ್ದ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು, ಚಪ್ಪಲಿಯನ್ನು ಹ್ಯಾಂಡಲಿಗೆ ಸಿಕ್ಕಿಸಿ, ಗೋಡೆಗಂಟಿಕೊಂಡು, ಬಟ್ಟೆಗೆ ಒಂದು ಬೆರಳೂ ತಾಗದಂತೆ ನಿಂತಿದ್ದ. ಅವನು ಯಜಮಾನರನ್ನು ನೋಡಲಿಲ್ಲ, ಅವರ ಹಿಂದೆ ನೋಡುತ್ತಿದ್ದ. ಯಜಮಾನರೂ ತಿರುಗಿ ನೋಡಿದರು. ಕಡುಗೆಂಪು ಮಖಮಲ್ಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂಬತ್ತು ಕಪ್ಪು ಹೆಜ್ಜೆ. ಎಲ್ಲವೂ ಬಲಗಾಲಿನವು.

ಮೂರು ದಿನದಲ್ಲಿ ಊರಿಗೆ ಊರೇ ಆ ಮನೆಯೊಳಗೆ ಹಾದುಹೋಗಿತ್ತು. ಚಪ್ಪಲಿ ಕಳಚದೆ ಬಂದವರು ಮನೆಯ ಯಜಮಾನರು ಒಬ್ಬರೇ.

ಹೆಂಡತಿ ಬೈಯುತ್ತಾಳೆ ಎಂದು ಅವರು ಕಾದರು. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. ಅವಳು ಗೋಡೆಗೊರಗಿ, ಮೊಣಕಾಲು ನೀವಿಕೊಳ್ಳುತ್ತ ಆ ಹೆಜ್ಜೆಗಳನ್ನೇ ನೋಡಿದಳು. "ಮೇಜಿನ ಆಸೆ ಇಟ್ಕೊಂಡಿದ್ದೆ, ಅಷ್ಟೇ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಯಜಮಾನರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಚರಂಡಿಯಷ್ಟೇ ಬಿಟ್ಟಿತ್ತು.

ಮಖಮಲ್ಲು ತೊಳೆಯುವಂತಿಲ್ಲ, ತಿಕ್ಕಿದರೆ ಕಲೆ ಹರಡುತ್ತದೆ. ಅವಳು ಮೂಗು ಒರೆಸಿಕೊಂಡು ಎದ್ದಳು. ನರ್ಸೊಬ್ಬಳು ಆಗಲೇ ಹೊಸಿಲ ಮೇಲೆ ನಿಂತಿದ್ದಳು. ಹೆಂಡತಿ ಅವಳನ್ನೂ ಸೈಕಲ್ಲಿನವನನ್ನೂ ಮರದ ಮಿಲ್ಲಿನ ಕಡೆ ಕಳಿಸಿ, ಮುಂಬಾಗಿಲು ಹಾಕಿ, ಅತ್ತೆಯವರನ್ನು ಕುರ್ಚಿ ಸಮೇತ ಅದಕ್ಕೆ ಅಡ್ಡ ಕೂರಿಸಿದಳು. ಹೊಲಿಗೆ ಯಂತ್ರವನ್ನು ಎಳೆದು ಹಿಂಬಾಗಿಲಿಗೆ ಒತ್ತಿ ನಿಲ್ಲಿಸಿದಳು. ಪೆಟ್ಟಿಗೆಯಿಂದ ಬಂಗಾರದ ಬಣ್ಣದ ಸ್ಯಾಟಿನ್ನು ತೆಗೆದು ಯಜಮಾನರ ಮುಂದೆ ಹಾಕಿದಳು.

"ಗಾಜನ್ನ ಕೂದಲಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಕತ್ತರಿಸ್ತೀರಲ್ಲ, ಇದನ್ನ ಕತ್ತರಿಸಿ. ನಿಮ್ಮ ಬಲಗಾಲಿನ ಅಳತೆಗೆ, ಒಂಬತ್ತು."

ಯಜಮಾನರು ಅಂಗಡಿಗೆ ಬೀಗ ಹಾಕಿಸಿ, ತಮ್ಮದೇ ಪಾದವನ್ನು ಬಟ್ಟೆಯ ಮೇಲಿಟ್ಟು, ತಮ್ಮದೇ ಸುತ್ತ ಗೆರೆ ಎಳೆದು, ನೆಲದ ಮೇಲೆ ಮಂಡಿಯೂರಿ ಕತ್ತರಿಸಿದರು. ಅವಳು ಒಂದೊಂದನ್ನೂ ಕಲೆಯ ಮೇಲಿಟ್ಟು ಹೊಲಿದಳು. ನಾಲ್ಕನೆಯ ಪಾದದ ಹೊತ್ತಿಗೆ ಯಜಮಾನರು ಏಳಲು ಹೋದರು, ಮೊಣಕಾಲು ಕೇಳಲಿಲ್ಲ. ಗೋಡೆ ಹಿಡಿದು, ತುಟಿ ಕಚ್ಚಿ ಎದ್ದರು. ಹನ್ನೊಂದು ವರ್ಷ, ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮತ್ತೆ ಮಂಡಿಯೂರಿದರು.

ಶನಿವಾರ ಹನ್ನೆರಡಕ್ಕೆ ಪರದೆ ಹೋಯಿತು. ಭಾನುವಾರ ರಂಗಮಂದಿರದಲ್ಲಿ ದೀಪ ಹೊತ್ತಿದಾಗ, ಕೆಂಪು ಪರದೆಯ ಕೆಳಗೆ ಒಂಬತ್ತು ಚಿನ್ನದ ಹೆಜ್ಜೆಗಳು ರಂಗದ ಈ ಬದಿಯಿಂದ ಆ ಬದಿಗೆ ನಡೆದುಹೋಗುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು. ಎಡಗಾಲು ಏಕಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಒಂದು ಕಾಲು ನೆಲದಲ್ಲಿ, ಇನ್ನೊಂದು ಕಲ್ಪನೆಯಲ್ಲಿ, ಅದೇ ಕಲಾವಿದನ ಸ್ಥಿತಿ ಎಂದು ವ್ಯವಸ್ಥಾಪಕರು ಬಹಳ ಆಳವಾಗಿ ವಿವರಿಸಿದರು. ಯಜಮಾನರು ಮುಂದಿನ ಸಾಲಿನಲ್ಲಿ ತಮ್ಮ ಬಲಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಕೂತರು. ಪಕ್ಕದಲ್ಲಿದ್ದ ಟೇಪು ಮಾಸ್ಟರು ಮಾತ್ರ ಪರದೆಯನ್ನೂ ಅವರ ಚಪ್ಪಲಿಯನ್ನೂ ಎರಡೆರಡು ಸಲ ನೋಡಿ, ಎಂಟನೇ ನಂಬರಾ ಎಂದು ಕಿವಿಯಲ್ಲಿ ವಿಚಾರಿಸಿದರು.

ರಂಗಮಂದಿರದ ಹೊಲಿಗೆಯೆಲ್ಲ ಅವಳಿಗೇ ಬಂತು, ಮುಂದಿನ ವಾರದೊಳಗೆ ಮೇಜೂ ಬಂತು. ಒಂಬತ್ತಡಿ ಉದ್ದ, ಮೂರಡಿ ಎರಡಂಗುಲ ಅಗಲ. ಮಾಸ್ಟರ ಅಳತೆ ನಕ್ಷೆಯಲ್ಲಿತ್ತಲ್ಲ, ಬಡಗಿಗೆ ಅದನ್ನೇ ಕೊಟ್ಟಿದ್ದಳು. ಮೇಜು ನಡವೆಯಲ್ಲಿ ಬೆಣೆ ಹೊಡೆದ ಹಾಗೆ ಕೂತಿತು. ಅವಳು ಅದರ ಮೇಲೆ ಮೊಣಕೈ ಊರಿ, ನಿಂತುಕೊಂಡೇ, ಯಜಮಾನರ ಫೋನು ಕೇಳಿ ಪಡೆದಳು. ನಕ್ಷೆಯಲ್ಲಿ ತನ್ನದೇ ಖಾತೆ ತೆರೆದು ಆ ಕಾಲುದಾರಿಯನ್ನು ಅಳಿಸಿದಳು. ಕಾರಣ ಕೇಳಿದ ಕಡೆ ಬರೆದಳು: "ಇಲ್ಲಿ ದಾರಿ ಇಲ್ಲ. ಮನೆ ಇದೆ." ಆಧಾರ ಕೇಳಿದ ಕಡೆ ಬರೆದಳು: "ಹತ್ತೊಂಬತ್ತು ವರ್ಷದಿಂದ ಒಳಗೇ ಇದ್ದೀನಿ."

ಟೇಪು ಮಾಸ್ಟರ ಉತ್ತರ ಎರಡು ನಿಮಿಷದಲ್ಲಿ ಬಂತು: "ಸ್ಥಳೀಯರ ತಿಳಿವಳಿಕೆ. ಒಪ್ಪಿದೆ." ಅದರ ಕೆಳಗೆ ಇನ್ನೊಂದು ಸಾಲು. ದನಿಯ ಮಾತುಗಳು ಜನರಿಗೆ ಅರ್ಥವಾಗುತ್ತಿಲ್ಲವೆಂದು ದೂರುಗಳಿವೆ, ಇಷ್ಟು ಸರಳವಾಗಿ ಬರೆಯುವ ತಾವೇ ಅದನ್ನೂ ತಿದ್ದಿಕೊಡಬಹುದೇ ಎಂದು ಕೇಳಿದ್ದರು. ಅವಳು ತಿದ್ದಿಕೊಟ್ಟಳು. ಋಜುಮಾರ್ಗ ಹೋಯಿತು, "ನೇರ ಹೋಗಿ" ಬಂತು. ತನ್ನದೂ ಒಂದೆರಡು ಮಾತು ಸೇರಿಸಿದಳಂತೆ, ಅದನ್ನು ಯಜಮಾನರಿಗೆ ಹೇಳಲಿಲ್ಲ.

ಈಗ ಆ ಮನೆಯಲ್ಲಿ ಹಾಲಿನಿಂದ ಅಡುಗೆಮನೆಗೆ ಹೋಗಬೇಕೆಂದರೆ ಮೇಜಿನ ಕೆಳಗೆ ನುಸುಳಬೇಕು. ಹೆಂಡತಿ ಮಂಡಿಯೂರದೆ, ಸೊಂಟ ಬಗ್ಗಿಸಿಯೇ ನುಸುಳುತ್ತಾಳೆ. ಅತ್ತೆಯವರು ಕುರ್ಚಿಯನ್ನು ಹಿಂಬಾಗಿಲಿಗೆ ವರ್ಗಾಯಿಸಿಕೊಂಡು ಓಣಿಯ ಸುದ್ದಿ ವಿಚಾರಿಸುತ್ತಾರೆ. ಯಜಮಾನರ ಹೊಟ್ಟೆ ಮಾತ್ರ ಮೇಜಿನ ಕೆಳಗೆ ಹಿಡಿಸುವುದಿಲ್ಲ. ಊಟ ಬೇಕಾದರೆ ಮುಂಬಾಗಿಲಿನಿಂದ ಇಳಿದು, ಮರದ ಮಿಲ್ಲು ಸುತ್ತಿ, ಕಾಲು ಗಂಟೆ ನಡೆದು ಹಿಂಬಾಗಿಲಿಗೆ ಬರಬೇಕು.

ಮೊದಲ ದಿನ ಅವರು ಹೊರಟಾಗ ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಯಜಮಾನರು ಓಣಿಯಲ್ಲಿ ತಲೆ ತಗ್ಗಿಸಿ, ಫೋನಿನೊಳಗೆ ಕಣ್ಣು ನೆಟ್ಟು, ಹೊಸ ಮಾತುಗಳಲ್ಲಿ ತಪ್ಪು ಹುಡುಕುತ್ತ ಬಂದರು. ಒಂದೂ ಸಿಕ್ಕಿರಲಿಲ್ಲ. ಮನೆ ಇನ್ನೇನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಫೋನು ಹೇಳಿತು: "ಮುಂದೆ ಚರಂಡಿ ಇದೆ. ಫೋನು ಬಿಟ್ಟು ಕೆಳಗೆ ನೋಡಿ."

ಯಜಮಾನರು ಕೆಳಗೆ ನೋಡಿದರು. ಈ ಸಲ ಇಳಿದಿದ್ದು ಎಡಗಾಲು.

"ಪರವಾಗಿಲ್ಲ ರೀ," ಎಂದಳು ಕಿಟಕಿಯಿಂದ ಹೆಂಡತಿ, "ನಕ್ಷೆ ಸರಿಯಾಗೇ ಇದೆ."